ಉಡಿಗೆ ಬಿದ್ದ ಊರಮ್ಮನ ಅಕ್ಕಿ

ಮೊನ್ನೆ ಟ್ರಂಕಿನ ಮುಚ್ಚಳ ತೆಗೆದಾಗ ಒಣಕೊಬ್ಬರಿಯ ವಾಸನೆ ಬಂತು. ಟ್ರಂಕಿನಲ್ಲಿ ಕೊಬ್ಬರಿ ಇರಲಿಲ್ಲ. ಇದ್ದದ್ದು ನನ್ನ ಎರಡು ಸೀರೆ, ನಿಮ್ಮ ತಾತನ ಶಾಲು, ನಾಲ್ಕು ನುಸಿಗುಳಿಗೆ, ಎಲ್ಲಕ್ಕಿಂತ ಅಡಿಯಲ್ಲಿ ಮಡಿಸಿಟ್ಟ ಹಸಿರು ಕುಬಸದ ಕಣ. ಮಡಿಕೆಗೊಂದು ತೂತು ಬಿದ್ದಿರುವ ಆ ತುಂಡು ಬಟ್ಟೆಯನ್ನು ಮೂಗಿಗೆ ಹಿಡಿದೆ. ವಾಸನೆ ಅದರಿಂದಲೇ ಬಂತೋ, ನನ್ನ ತಲೆಯೊಳಗಿಂದ ಬಂತೋ... ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಹಿರಿಯ ಮೊಮ್ಮಗಳಿಗೆ ಬರುವ ವಾರ ಉಡಿ ತುಂಬಬೇಕು. ಟ್ರಂಕು ತೆಗೆದದ್ದು ಅದಕ್ಕೇ. ಅವತ್ತು ಎಲ್ಲರೂ ಸೇರಿದಾಗ ಈ ಕಣದ ಕಥೆಯನ್ನು ಹೇಳಬೇಕೆಂದು ಆಸೆ. ಆದರೆ ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ ಎಂದು ನಿಮಗೆ ಗೊತ್ತು. ಅದಕ್ಕೆ ಬರೆದಿಡುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ತನಕ ಓದಿದ ಕೈ ಇದು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನಗೆ ಅಕ್ಷರ ಕಲಿಸಿದವರನ್ನು ನಾವೆಲ್ಲ ಟೀಚರವ್ವ ಅನ್ನುತ್ತಿದ್ದೆವು. ಜಗಳೂರಿನಿಂದ ನಾಲ್ಕು ಹರದಾರಿ ಒಳಗಿದ್ದ ನಮ್ಮೂರಿಗೆ ಅವರನ್ನು ಮಿಶನ್ನಿನವರು ಕಳಿಸಿದ್ದರು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಟೀಚರವ್ವ ಒಂಟಿ ಹೆಂಗಸು. ಬಿಳಿ ಸೀರೆ, ಕಾಲಲ್ಲಿ ಸವೆದ ಚಪ್ಪಲಿ, ಒಂದು ಕಡ್ಡಿ ಮುರಿದದ್ದರಿಂದ ನೂಲಿನಲ್ಲಿ ಕಿವಿಗೆ ಕಟ್ಟಿಕೊಂಡ ಕನ್ನಡಕ. ಶಾಲೆಯೆಂದರೆ ಊರಿಗೂ ನಮ್ಮ ಕೇರಿಗೂ ನಡುವೆ ಇದ್ದ ಒಂದು ಹೆಂಚಿನ ಕೋಣೆ. ಅದರ ಕಿಟಕಿಯಿಂದ ನೋಡಿದರೆ ಊರ ಬಾವಿ ಕಾಣುತ್ತಿತ್ತು.

ಆ ಬಾವಿಯ ಕಟ್ಟೆಯನ್ನು ನಾವು ಮುಟ್ಟುವ ಹಾಗಿರಲಿಲ್ಲ. ಕೊಡಗಳನ್ನು ಸಾಲಾಗಿ ಇಟ್ಟು ದೂರ ನಿಲ್ಲಬೇಕು. ಊರೊಳಗಿನ ಹೆಂಗಸರು ಬಂದಾಗ ಮನಸ್ಸಾದರೆ ಮೇಲಿನಿಂದ ಒಂದು ಬಿಂದಿಗೆ ಸುರಿಯುವರು, ಮನಸ್ಸಾಗದಿದ್ದರೆ ಇಲ್ಲ. ಇಲ್ಲದ ದಿನ ಹಳ್ಳಕ್ಕೆ ಹೋಗಿ ಮರಳಿನಲ್ಲಿ ಗುಂಡಿ ತೋಡಿ ಕಾಯಬೇಕು. ಆ ಗುಂಡಿಗೆ ನಮಗಿಂತ ಮುಂಚೆ ನಾಯಿ ಬಂದಿರುತ್ತಿತ್ತು.

ಒಂದು ಬೇಸಿಗೆಯಲ್ಲಿ ನಮ್ಮವ್ವನಿಗೆ ಜ್ವರ ಏರಿತು. ಹಳ್ಳ ಒಣಗಿತ್ತು. ಅಪ್ಪ ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತ. ಯಾರೂ ಸುರಿಯಲಿಲ್ಲ. ಕೊನೆಗೆ ತಾನೇ ಕಟ್ಟೆ ಹತ್ತಿ ಹಗ್ಗ ಬಿಟ್ಟ.

ಅಪ್ಪ ಹಲಗೆ ಬಾರಿಸುವುದರಲ್ಲಿ ಸುತ್ತಲ ಹಳ್ಳಿಗೆಲ್ಲ ಹೆಸರಾದವನು. ಗೌಡರ ಆಳುಗಳು ಅವನನ್ನು ಬೇವಿನ ಮರಕ್ಕೆ ಕಟ್ಟಿದರು. ಹಗ್ಗ ಹಿಡಿದ ಬೆರಳು ಇವೇ ತಾನೆ ಎಂದು ಕೇಳಿ, ಬಲಗೈಯ ಮೂರು ಬೆರಳು ಮುರಿದರು. ಗೌಡರು ಕಟ್ಟೆಯ ಮೇಲೆ ಕೂತು ನೋಡಿದರು. ನಾನೂ ನೋಡಿದೆ. ಆಗ ನನಗೆ ಹನ್ನೊಂದು ವರ್ಷ. ಅವತ್ತಿನಿಂದ ಎಷ್ಟೋ ತಿಂಗಳು ನಾನು ಮನೆಯ ಹೊರಗೆ ಮಾತಾಡಲಿಲ್ಲ. ಅಪ್ಪ ಹಲಗೆಯನ್ನು ಅಟ್ಟಕ್ಕೆ ಎಸೆದ.

ನನ್ನ ಸೋದರಮಾವ, ಅಂದರೆ ಮುಂದೆ ನಿಮ್ಮ ತಾತ ಆದವರು, ಆಗ ಹದಿನೆಂಟರ ಹುಡುಗ. ಗೌಡರ ಕಣದಲ್ಲಿದ್ದ ಮೇವಿನ ಬಣವೆಗೆ ಬೆಂಕಿ ಇಡುತ್ತೇನೆಂದು ಹೊರಟರು. ಟೀಚರವ್ವ ನಮ್ಮ ಗುಡಿಸಲ ಬಾಗಿಲಲ್ಲಿ ಅಡ್ಡ ನಿಂತರು.

"ಬಣವಿ ಸುಟ್ರೆ ಉಪವಾಸ ಬೀಳೋದು ದನ. ಗೌಡ ಎರಡು ಹೊತ್ತೂ ಉಣ್ತಾನೆ."

"ಮತ್ತೆ ಸುಮ್ನೆ ಇರಾಕೆ ಹೇಳ್ತೀರಾ? ಒಂದು ಕೆನ್ನೆಗೆ ಹೊಡೆದ್ರೆ ಇನ್ನೊಂದು ಕೆನ್ನೆ ಕೊಡು ಅಂತ ನಿಮ್ಮ ಸ್ವಾಮಿ ಹೇಳ್ಯಾನಂತಲ್ಲ" ಎಂದು ಮಾವ ಹಂಗಿಸಿದರು.

"ಸುಮ್ನೆ ಇರು ಅಂತ ನಾನೆಲ್ಲಿ ಅಂದೆ? ಆ ಬಾವಿ ನಿಮ್ದಾಗಬೇಕು. ಹೆಂಗೆ ಅಂತ ನನಗಿನ್ನೂ ಕಾಣ್ತಿಲ್ಲ. ಕಾಣಾಕೆ ಸ್ವಲ್ಪ ದಿನ ಕೊಡು."

ಕಾಣುವುದು ಎನ್ನುವುದು ಅವರ ದೊಡ್ಡ ವಿದ್ಯೆ. ಅವರು ಹೇಳುತ್ತಿದ್ದ ಬೈಬಲಿನ ಕಥೆಗಳು ದೂರದ ದೇಶದಲ್ಲಿ ನಡೆಯುತ್ತಲೇ ಇರಲಿಲ್ಲ. ಐಗುಪ್ತವೆಂಬ ದೇಶದ ರಾಜ ಬಿಟ್ಟಿ ಚಾಕರಿ ಮಾಡಿಸಿದ ಇಟ್ಟಿಗೆ ಗೂಡು ನಮ್ಮೂರ ಕೆರೆಯ ಹಿಂದೆಯೇ ಇತ್ತು. ಸ್ವಾಮಿ ಹುಟ್ಟಿದ ಬೇತ್ಲೆಹೇಮ್ ಎಲ್ಲಿದೆ ಎಂದು ಕೇಳಿದರೆ, ಜಗಳೂರು ದಾಟಿ ಒಂದು ದಿನ ನಡೆದರೆ ಸಿಗುತ್ತದೆ ಅನ್ನುವರು. ಸ್ವಾಮಿ ಹುಟ್ಟಿದ ಕಥೆ ಹೇಳುವಾಗ, "ಊರೊಳಗೆ ಜಾಗ ಕೊಡಲಿಲ್ಲ ಮಗಾ, ಊರ ಹೊರಗೆ ದನದ ಕೊಟ್ಟಿಗ್ಯಾಗೆ ಹುಟ್ಟಿದ" ಅಂದರು. "ಹಂಗಾರೆ ನಮ್ಮ ಕೇರಿಯಾಗಾ?" ಎಂದು ಯಾರೋ ಕೇಳಿದರು. "ಮತ್ತೆಲ್ಲಿ!" ಎಂದು ಟೀಚರವ್ವ ಗದರಿದರು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. ನಮ್ಮ ಕೇರಿಯಲ್ಲಿ ಆಗ ಯಾರೂ ಅವರ ಮತಕ್ಕೆ ಸೇರಿರಲಿಲ್ಲ. ಆದರೆ ದೇವರು ನಮ್ಮ ಕೇರಿಯವನೆಂದು ತಿಳಿದ ದಿನ ಮಕ್ಕಳೆಲ್ಲ ಸ್ವಲ್ಪ ಎದೆ ಮುಂದೆ ಮಾಡಿಕೊಂಡೇ ಮನೆಗೆ ಹೋದೆವು.

ಅಪ್ಪನ ಬೆರಳು ಮುರಿದ ಮೇಲೆ ಅವರು ಶಾಲೆಯಲ್ಲಿ ಹೊಸದೊಂದು ಪಾಠ ಶುರು ಮಾಡಿದರು. ಪ್ರತಿದಿನ ಬೆಳಗ್ಗೆ ಪ್ರಾರ್ಥನೆಯಾದ ಮೇಲೆ ಎಲ್ಲರೂ ಎದ್ದು ನಿಲ್ಲಬೇಕು. ಕಣ್ಣು ಮುಚ್ಚಬೇಕು.

"ಬಾವಿಕಟ್ಟೆ ಮ್ಯಾಲೆ ನಿಂತೀರಿ. ಹಗ್ಗ ಕೈಯಾಗೈತೆ. ಬಿಂದಿಗೆ ಬಿಡ್ರಿ. ಮುಳುಗಿತಾ? ಎಳೀರಿ. ಒಂದು, ಎರಡು, ಮೂರು..."

ನಾವು ಬರಿಗೈಯಲ್ಲಿ ಗಾಳಿಯನ್ನು ಎಳೆಯುತ್ತ ಎಣಿಸುತ್ತಿದ್ದೆವು. ಹದಿನಾಲ್ಕಕ್ಕೆ ನಿಲ್ಲಿಸುವರು. ಊರ ಹೆಂಗಸರು ಎಷ್ಟು ಸಲ ಹಗ್ಗ ಎಳೆದರೆ ಬಿಂದಿಗೆ ಮೇಲೆ ಬರುತ್ತದೆಂದು ಕಿಟಕಿಯಲ್ಲಿ ನಿಂತು ಎಣಿಸಿಕೊಂಡಿದ್ದರು. ಹದಿನಾಲ್ಕಾದ ಮೇಲೆ ಬೊಗಸೆಯೊಡ್ಡಿ ಕುಡಿಯಬೇಕು. ಆಮೇಲೆ ಒಬ್ಬೊಬ್ಬರನ್ನೇ ಕೇಳುವರು, "ನೀರು ಎಷ್ಟು ತಣ್ಣಗೈತೆ?" ಒಬ್ಬರು ಹಲ್ಲು ಜುಂ ಅನ್ನುತ್ತದೆ ಅನ್ನುವರು. ಇನ್ನೊಬ್ಬರು ಮೊಸರಿನ ಗಡಿಗೆಯಷ್ಟು ಅನ್ನುವರು. ನಾನು ಮಾತಾಡುತ್ತಿರಲಿಲ್ಲ. ನನ್ನನ್ನು ಪ್ರತಿದಿನ ಕೇಳುವರು, ಸ್ವಲ್ಪ ಹೊತ್ತು ಕಾಯುವರು, "ಇರಲಿ, ನಾಳೆ ಹೇಳು" ಎಂದು ಮುಂದೆ ಹೋಗುವರು. ಕೇರಿಯ ದೊಡ್ಡವರು ನಗುತ್ತಿದ್ದರು. ಹುಚ್ಚು ಹೆಂಗಸು, ಮಕ್ಕಳಿಗೆ ಗಾಳಿ ಕುಡಿಸುತ್ತಾಳೆ ಎಂದು.

ಮಳೆಗಾಲ ಬಂತು, ಸರಿಯಾಗಿ ಸುರಿಯದೆಯೇ ಹೋಯಿತು. ಕ್ರಿಸ್ಮಸ್ ಹತ್ತಿರವಾದಾಗ ಟೀಚರವ್ವ ಗೌಡರ ಮನೆಗೆ ಹೋದರು. ಮಕ್ಕಳ ಕೈಲಿ ಒಂದು ಆಟ ಆಡಿಸುತ್ತೇನೆ, ಸ್ವಾಮಿಯನ್ನು ಹೊತ್ತ ಬಸುರಿ ಮರಿಯಮ್ಮ, ಅವಳ ಗಂಡ ಯೋಸೇಫ ಕತ್ತೆಯೊಂದಿಗೆ ಬೀದಿಯಲ್ಲಿ ನಡೆದು ಬಂದು ಮನೆಮನೆಯ ಮುಂದೆ ಜಾಗ ಕೇಳುತ್ತಾರೆ, ಕಟ್ಟೆ ಹತ್ತುವುದಿಲ್ಲ, ಯಾರ ಹೊಸಿಲೂ ಮೆಟ್ಟುವುದಿಲ್ಲ ಎಂದರು. ಗೌಡರಿಗೆ ಬಯಲಾಟದ ಹುಚ್ಚು. ಸೀಮೆಎಣ್ಣೆ ಸಿಗದೆ ಎರಡು ವರ್ಷದಿಂದ ಊರಲ್ಲಿ ಆಟವೇ ಆಗಿರಲಿಲ್ಲ.

"ದೀಪ ಬ್ಯಾಡ್ವಾ?"

"ಹಗಲಾಗೇ ಆಡ್ತೀವಿ ಗೌಡ್ರೆ."

"ಆಟ ತಾನೆ, ಆಡ್ಕಳ್ರಿ" ಎಂದು ಗೌಡರು ನಕ್ಕರಂತೆ.

ಮರಿಯಮ್ಮನ ವೇಷ ನನಗೆ ಕೊಟ್ಟರು. ಅವ್ವ ಬೇಡವೆಂದು ಗೋಗರೆದಳು, ಬಾಯಿ ಸತ್ತ ಹುಡುಗಿ ಇವಳು ಎಂದು. "ಇವಳಿಗೆ ಇರೋದು ಒಂದೇ ಮಾತು. ಅದೂ ಬರದಿದ್ರೆ ಸುಮ್ನೆ ನಿಂತ್ರೆ ಸಾಕು" ಅಂದರು ಟೀಚರವ್ವ. ಯೋಸೇಫನಾಗಲು ಮಾವನನ್ನು ಕರೆದರು. ಮಾವ ಹಲ್ಲು ಕಚ್ಚಿಕೊಂಡೇ ಒಪ್ಪಿದರು. ಅಗಸರ ಮನೆಯಿಂದ ಕತ್ತೆ ತಂದರು. ನನ್ನ ಹೊಟ್ಟೆಗೆ ಗೋಣಿಚೀಲ ಸುತ್ತಿ ಅವ್ವನ ಸೀರೆ ಉಡಿಸಿದರು. ಆಟದ ಸಂಗತಿ ಇಷ್ಟೇ: ನಾವು ಬೀದಿಯುದ್ದಕ್ಕೂ ಜಾಗ ಕೇಳುತ್ತ ಬಾವಿಯ ಮುಂದೆ ಬರಬೇಕು. ಅಲ್ಲಿ ಛತ್ರದವಳ ವೇಷ ಹಾಕಿದ ನನ್ನ ಗೆಳತಿ ನಿಂತಿರುತ್ತಾಳೆ. ನಾನು ಅವಳಿಗೆ, "ಅವ್ವಾ, ಒಂದು ಗುಟುಕು ನೀರು" ಅನ್ನಬೇಕು. ಅವಳು ಇಲ್ಲ ಅನ್ನಬೇಕು. ನಾವು ತಿರುಗಿ ಕೇರಿಯ ಕಡೆ ನಡೆಯಬೇಕು. ಅಲ್ಲಿ ಕೊಟ್ಟಿಗೆಯಲ್ಲಿ ಸ್ವಾಮಿ ಹುಟ್ಟುತ್ತಾನೆ.

ಆ ದಿನ ಮಧ್ಯಾಹ್ನ ಇಡೀ ಊರೇ ಬೀದಿಗೆ ಬಂದಿತ್ತು. ಮಾವ ಕತ್ತೆಯ ಹಗ್ಗ ಹಿಡಿದು ಮುಂದೆ, ನಾನು ಕತ್ತೆಯ ಮೇಲೆ. ಯಾರೋ, "ಏ ಯೋಸೇಫ, ಕತ್ತೆ ಯಾವುದೋ ನಿಮ್ಮಿಬ್ಬರಾಗೆ?" ಎಂದು ಕೂಗಿದರು. ಇನ್ನೊಬ್ಬರು, "ಸುಮ್ನಿರ್ರೋ, ನಾಳೆ ನಿಜವಾಗ್ಲೂ ಅವಳ್ನೇ ಕಟ್ಕಂತಾನೆ" ಅಂದರು. ಮಾವನ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಆದರೆ ಮೂರು ಮನೆ, ನಾಲ್ಕು ಮನೆ ಮುಂದೆ ಮಾವ ಜಾಗ ಕೇಳಿ, ಇಲ್ಲ ಅನ್ನಿಸಿಕೊಂಡು ಮುಂದೆ ಬರುತ್ತಿದ್ದ ಹಾಗೆ ಬೀದಿ ತಣ್ಣಗಾಯಿತು. ಬಯಲಾಟ ನೋಡಿ ಪಳಗಿದ ಜನ ಅವರು. ವೇಷ ಹಾಕಿದ ಮೇಲೆ ಅದು ಹಲಗೆ ಬಾರಿಸುವವನ ಮಗಳಲ್ಲ, ದೇವರ ತಾಯಿ. ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತಿದ್ದರು.

ಬಾವಿಯ ಮುಂದೆ ಬಂದೆವು. ಅಪ್ಪನನ್ನು ಕಟ್ಟಿದ ಬೇವಿನ ಮರ ಅಲ್ಲೇ ಇತ್ತು. ಅದರ ಕೆಳಗೆ ಗೌಡತಿ ನಿಂತಿದ್ದರು, ಪಕ್ಕದಲ್ಲಿ ಚೊಚ್ಚಲ ಹೆರಿಗೆಗೆ ತೌರಿಗೆ ಬಂದಿದ್ದ ಅವರ ಮಗಳು. ಮಗಳ ಹೆರಿಗೆ ಸುಸೂತ್ರವಾಗಲಿ ಎಂದು ಊರಮ್ಮನಿಗೆ ಉಡಿ ತುಂಬಲು ತಟ್ಟೆ ಹಿಡಿದು ಗುಡಿಗೆ ಹೊರಟವರು ಆಟ ನೋಡುತ್ತ ನಿಂತುಬಿಟ್ಟಿದ್ದರು. ಆ ಮರವನ್ನು ಕಂಡದ್ದೇ ನನಗೆ ದಿಕ್ಕು ತಪ್ಪಿತು. ಮಾವ ನನ್ನನ್ನು ಇಳಿಸಿದರು. ಛತ್ರದವಳು ಎಡಗಡೆ ಕಾಯುತ್ತಿದ್ದಾಳೆ ಎನ್ನುವುದೇ ಮರೆತುಹೋಯಿತು. ನಾನು ನೇರ ಬೇವಿನ ಮರದ ಕಡೆ ನಡೆದು, ಗೌಡತಿಯ ಮುಖ ನೋಡಿ, ಎಂಟು ತಿಂಗಳಲ್ಲಿ ಮೊದಲ ಸಲ ಜನರ ನಡುವೆ ಬಾಯಿ ಬಿಟ್ಟೆ.

"ಅವ್ವಾ, ಒಂದು ಗುಟುಕು ನೀರು."

ಛತ್ರದ ಹುಡುಗಿ ಬಾಯಿ ತೆರೆದು ನಿಂತಳು. ಮಾವ ಹಗ್ಗ ಬಿಟ್ಟರು. ಟೀಚರವ್ವ ಮುಂದೆ ಬರುತ್ತಾರೆ, ತಿದ್ದುತ್ತಾರೆ ಎಂದು ಎಲ್ಲರೂ ನೋಡಿದರು. ಅವರು ಅಲ್ಲಾಡಲಿಲ್ಲ.

ಗೌಡತಿಯ ಮಗಳು ಮೆಲ್ಲಗೆ, "ಅವ್ವಾ, ಬಸುರಿ ಕೇಳ್ತಾಳೆ" ಅಂದಳು.

ನಮ್ಮ ಕಡೆ ಬಸುರಿ ಬಾಯಿ ಬಿಟ್ಟು ಕೇಳಿದ್ದನ್ನು ಇಲ್ಲ ಅನ್ನುವ ಹಾಗಿಲ್ಲ. ಅದರಲ್ಲೂ ಮನೆಯಲ್ಲಿ ಇನ್ನೊಬ್ಬಳು ಬಸುರಿ ಇರುವಾಗ. ಗೌಡತಿಯ ಮುಖದಲ್ಲಿ ಏನೇನು ಹಾದುಹೋಯಿತೋ ನಾನು ಹೇಳಲಾರೆ. ಒಂದು ಹೆಜ್ಜೆ ಮುಂದೆ ಬಂದರು. ತಟ್ಟೆಯನ್ನು ಮಗಳ ಕೈಗೆ ಕೊಟ್ಟು, ನನ್ನ ಸೆರಗನ್ನು ತಾವೇ ಹಿಡಿದು ಹರಡಿ, ಊರಮ್ಮನಿಗೆಂದು ತಂದ ಅಕ್ಕಿಯನ್ನು ಐದು ಬೊಗಸೆ ಸುರಿದರು. ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ಮೇಲೆ ಈ ಹಸಿರು ಕಣ. ನನ್ನ ಹಣೆಗೆ ಕುಂಕುಮ ಇಟ್ಟರು. ಅವರ ಬೆರಳು ನನಗೆ ತಗುಲಿತು. ಆಮೇಲೆ ಕಟ್ಟೆ ಹತ್ತಿ ನೀರು ಸೇದಿ ತಂದು ನನ್ನ ಬೊಗಸೆಗೆ ಹಾಕಿದರು.

ಗೌಡರು ಜನರನ್ನು ತಳ್ಳಿಕೊಂಡು ಬಂದರು.

"ಏನೇ ಇದು? ತಲೆ ಕೆಟ್ಟೈತಾ? ಅದು ಆಟ ಕಣೇ!"

"ಉಡಿ ತುಂಬೋದು ಆಟ ಅಲ್ಲ" ಅಂದರು ಗೌಡತಿ.

"ಅವಳು ಬಸುರೀನೇ ಅಲ್ಲ. ಹೊಟ್ಟಿಗೆ ಗೋಣಿಚೀಲ ಕಟ್ಕಂಡಾಳೆ!"

"ಗೋಣಿಚೀಲ ಇರ್ಲಿ, ಗುಂಡುಕಲ್ಲಿರ್ಲಿ. ಊರಮ್ಮನ ಅಕ್ಕಿ ಅವಳ ಉಡಿಗೆ ಬಿದ್ದೈತೆ. ಇನ್ನು ನಮ್ಮನೆ ಮಗಳು ಅವಳು. ಮಗಳಿಗೆ ತೌರಿನ ನೀರು ಇಲ್ಲ ಅಂದ್ರೆ ಈ ನನ್ನ ಕೂಸಿಗೆ ಒಳ್ಳೇದಾಗ್ತೈತಾ? ಹೇಳ್ರಿ ನೀವೇ, ಇಷ್ಟು ಜನದ ಮುಂದೆ ಹೇಳ್ರಿ."

ಗೌಡರು ಮಗಳ ಹೊಟ್ಟೆ ನೋಡಿದರು. ಬಂದ ಹಾಗೇ ಜನರನ್ನು ತಳ್ಳಿಕೊಂಡು ವಾಪಸ್ ಹೋದರು. ನಾವು ಕೇರಿಗೆ ನಡೆದೆವು, ಕೊಟ್ಟಿಗೆಯಲ್ಲಿ ಸ್ವಾಮಿ ಹುಟ್ಟಿದ. ಆ ಭಾಗವನ್ನು ಯಾರೂ ಸರಿಯಾಗಿ ನೋಡಿರಲಿಕ್ಕಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನನಗೊಬ್ಬಳಿಗೆ ಒಂದು ಬೊಗಸೆ ನೀರು ಸಿಕ್ಕ ಹಾಗಾಗುತ್ತಿತ್ತು. ಆದರೆ ಸಂಜೆ ಟೀಚರವ್ವ ಕೇರಿಯ ಹೆಂಗಸರನ್ನೆಲ್ಲ ಕರೆದರು. "ತೌರಿಗೆ ಮಗಳು ಒಬ್ಬಳೇ ಹೋಗ್ತಾಳೇನ್ರೇ? ಅವ್ವ, ಅಜ್ಜಿ, ಅತ್ತೆ, ಚಿಕ್ಕವ್ವ ಎಲ್ಲ ಹೋಗೋದಿಲ್ವಾ? ನಾಳೆ ಬೆಳಿಗ್ಗೆ ಎಲ್ಲರೂ ಕೊಡ ತಗಳ್ರಿ" ಅಂದರು. ಒಬ್ಬ ಮುದುಕಿ, ಇನ್ನೆಷ್ಟು ಬೆರಳು ಮುರಿಸಬೇಕೆಂದಿದ್ದೀಯ ತಾಯಿ ಎಂದು ಅತ್ತಳು. ಟೀಚರವ್ವ ತಮ್ಮ ಬಲಗೈ ಚಾಚಿ, "ಮೊದಲು ಇವನ್ನ ಮುರೀಲಿ" ಅಂದರು. ಮುದುಕಿ ಕಣ್ಣೊರೆಸಿಕೊಂಡು ಏಳುವ ತನಕ ಆ ಕೈ ಹಿಂದಕ್ಕೆ ತೆಗೆಯಲಿಲ್ಲ. ನಾನು ಹತ್ತಿರ ಕೂತಿದ್ದೆ, ನೋಡಿದೆ.

ಬೆಳಗ್ಗೆ ಹೋದೆವು. ಹದಿನೇಳು ಹೆಂಗಸರು, ಮುಂದೆ ನಾನು, ನನ್ನ ಪಕ್ಕ ಟೀಚರವ್ವ. ಗಂಡಸರು ಬರಿಗೈಯಲ್ಲಿ ಹಿಂದೆ ಬರಬೇಕೆಂದು ಅವರ ಅಪ್ಪಣೆ. ಕಟ್ಟೆಯ ಮೇಲೆ ಗೌಡರು ಕೂತಿದ್ದರು. ಎರಡೂ ಕಡೆ ಆಳುಗಳು, ಅವೇ ಮುಖಗಳು. ಟೀಚರವ್ವ ನನ್ನ ಬೆನ್ನ ಮೇಲೆ ಕೈ ಇಟ್ಟು, "ಶಾಲ್ಯಾಗೆ ಮಾಡಿದಂಗೇ ಮಾಡು ಮಗಾ" ಅಂದರು.

ಹೊಸ ಕಣವನ್ನು ಹೆಗಲ ಮೇಲೆ ಹಾಕಿಕೊಂಡಿದ್ದೆ. ಕಟ್ಟೆಗೆ ಕಾಲಿಟ್ಟೆ. ಗೌಡರು ಎದ್ದು ನಿಂತರು.  ಎದುರಿಗಿದ್ದ ಅವರ ಮನೆಯ ಬಾಗಿಲಲ್ಲಿ ಗೌಡತಿ, ಮಗಳ ಕೈ ಹಿಡಿದುಕೊಂಡು ನಿಂತು ಗಂಡನನ್ನೇ ನೋಡುತ್ತಿದ್ದರು. ಗೌಡರು ಒಮ್ಮೆ ಆ ಕಡೆ ನೋಡಿದರು, ಒಮ್ಮೆ ನನ್ನ ಹೆಗಲ ಮೇಲಿನ ಬಟ್ಟೆ ನೋಡಿದರು. ಆಮೇಲೆ ಆಳುಗಳಿಗೆ, "ನಡೀರೋ, ಹೊಲದ ಕೆಲಸ ಐತೆ" ಎಂದು ಹೇಳಿ ಕಟ್ಟೆ ಇಳಿದು ಹೋದರು.

ನಾನು ಹಗ್ಗ ಹಿಡಿದೆ. ಬಿಂದಿಗೆ ಬಿಟ್ಟೆ. ಮುಳುಗಿತು. ನನ್ನ ಕೈಗೆ ಅದು ಹೊಸದಲ್ಲವೇ ಅಲ್ಲ ಮಕ್ಕಳೇ! ಎಂಟು ತಿಂಗಳು ದಿನಾ ಎಳೆದಿದ್ದ ಹಗ್ಗ. ಹಿಂದಿನಿಂದ ಶಾಲೆಯ ಮಕ್ಕಳೆಲ್ಲ ಎಣಿಸತೊಡಗಿದರು, ಒಂದು, ಎರಡು, ಮೂರು... ಹದಿನಾಲ್ಕಾಯಿತು, ಬಿಂದಿಗೆ ಬರಲಿಲ್ಲ. ಮಕ್ಕಳ ಎಣಿಕೆ ಅಲ್ಲಿಗೇ ನಿಂತಿತು. ನನ್ನ ತೋಳು ಚಿಕ್ಕವಲ್ಲವೇ, ದೊಡ್ಡ ಹೆಂಗಸರ ಹದಿನಾಲ್ಕು ನನಗೆ ಸಾಲದು. ಟೀಚರವ್ವನೇ ಗಟ್ಟಿಯಾಗಿ, "ಹದಿನೈದು!" ಎಂದು ಕೂಗಿದರು. ಹದಿನಾರು, ಹದಿನೇಳು ಎಂದು ಹೆಂಗಸರು ಸೇರಿಕೊಂಡರು. ಇಪ್ಪತ್ತೊಂದಕ್ಕೆ ಬಿಂದಿಗೆ ತುಳುಕುತ್ತ ಮೇಲೆ ಬಂತು. ಕೇರಿಯವರು ಹಾಕಿದ ಕೇಕೆಗೆ ಬೇವಿನ ಮರದ ಹಕ್ಕಿಗಳೆಲ್ಲ ಹಾರಿಹೋದವು. ಹದಿನೇಳು ಕೊಡಗಳೂ ತುಂಬಿದವು. ಒಂದನ್ನೂ ಯಾರೂ ನಮಗೆ ಮೇಲಿನಿಂದ ಸುರಿಯಲಿಲ್ಲ.

ಅಪ್ಪ ಓಡಿಹೋಗಿ ಅಟ್ಟದಿಂದ ಹಲಗೆ ತಂದ. ಬಲಗೈ ಬಾರದು. ಎಡಗೈಯಲ್ಲಿ ಕೋಲು ಹಿಡಿದು ಬಾರಿಸಿದ. ತಾಳ ತಪ್ಪುತ್ತಿತ್ತು. ತಪ್ಪಿದ ಆ ತಾಳಕ್ಕೇ ಹೆಂಗಸರು ತುಂಬಿದ ಕೊಡ ಹೊತ್ತು ಕುಣಿದುಕೊಂಡು ಬಂದರು. ಅರ್ಧ ನೀರು ಬೀದಿಗೇ ಚೆಲ್ಲಿತು. ಚೆಲ್ಲಿದರೆ ಏನು, ಮತ್ತೆ ಹೋಗಿ ತಂದರಾಯಿತು ಎಂದು ನಕ್ಕರು. ಹಾಗೆ ಅನ್ನುವುದನ್ನು ನಾನು ಅದೇ ಮೊದಲು ಕೇಳಿದ್ದು.

ಎಲ್ಲವೂ ನೆಟ್ಟಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಊರೊಳಗಿನ ಕೆಲವು ಮನೆಯವರು ಆ ಬಾವಿ ಬಿಟ್ಟು ಬೇರೆ ಬಾವಿ ತೋಡಿಸಿಕೊಂಡರು. ಅಪ್ಪನ ಬೆರಳು ನೆಟ್ಟಗಾಗಲಿಲ್ಲ, ಗೌಡರು ಒಂದು ದಿನವೂ ತಪ್ಪಾಯಿತು ಅನ್ನಲಿಲ್ಲ. ಗೌಡತಿಯ ಮಗಳಿಗೆ ಹೆಣ್ಣು ಮಗು ಹುಟ್ಟಿತು, ಸುಖವಾಗಿ. ಯಾರೋ ಮಿಶನ್ನಿಗೆ ದೂರು ಬರೆದಿದ್ದರಂತೆ, ಯುಗಾದಿಯ ಹೊತ್ತಿಗೆ ಟೀಚರವ್ವನನ್ನು ವರ್ಗ ಮಾಡಿದರು. ಗಾಡಿ ಹತ್ತುವಾಗ ನನ್ನ ತಲೆ ಮುಟ್ಟಿದರು. ನನಗೆ ಮತ್ತೆ ಬಾಯಿ ಕಟ್ಟಿಹೋಗಿತ್ತು... ಒಂದು ಮಾತೂ ಆಡಲಿಲ್ಲ.

ನಿಮ್ಮ ತಾತನನ್ನು ಮದುವೆಯಾಗಿ, ಕೆಲಸಕ್ಕೆಂದು ಚನ್ನಗಿರಿ ಕಡೆ ನಲ್ಲೂರಿಗೆ ಬಂದು ನೆಲೆಸಿ, ಮಕ್ಕಳಾಗಿ ಎಷ್ಟೋ ವರ್ಷವಾದ ಮೇಲೆ, ಟೀಚರವ್ವ ನ್ಯಾಮತಿಯಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆಂದು ತಿಳಿಯಿತು. ಇಬ್ಬರೂ ಬಸ್ಸಿನಲ್ಲಿ ಹೋದೆವು. ಕಣ್ಣು ಕಾಣುತ್ತಿರಲಿಲ್ಲ ಅವರಿಗೆ. ನನ್ನ ಕೈ ತಡವಿ ನೋಡಿ, "ಇಪ್ಪತ್ತೊಂದು!" ಎಂದು ನಕ್ಕರು. ನಿಮ್ಮ ತಾತ ಕೇಳಿದರು, ಗೌಡತಿ ಹಾಗೆ ಮಾಡುತ್ತಾರೆಂದು ನಿಮಗೆ ಮೊದಲೇ ಗೊತ್ತಿತ್ತಾ ಎಂದು.

"ಎಲ್ಲಿ ಗೊತ್ತು! ನೀರಿಲ್ಲ ಅಂತ ಆಟದಾಗೆ ಕೇಳಿ ಜನಕ್ಕೆ ನಾಚಿಕೆ ಆಗಲಿ ಅಂತಿದ್ದೆ, ಅಷ್ಟೇ. ನಾನು ಸಾಸ್ವೆಹಳ್ಳಿ ಕಡೆ ಹೊಳೆದಂಡೆಯಾಗೆ ಬೆಳೆದೋಳು. ತುಂಗಭದ್ರೆ ಯಾರ ಕೊಡ ಅಂತ ಕೇಳಲ್ಲ. ಹಂಗಿರೋ ನೀರು ನನಗೆ ಕಾಣ್ತಿತ್ತು, ನಿಮಗೂ ಕಾಣ್ಲಿ ಅಂತಿತ್ತು. ಮಿಕ್ಕಿದ್ದು ಈ ಮೂಗಿ ಮಾಡಿದ್ದು." ಆಮೇಲೆ ನನ್ನ ಕಡೆ ತಿರುಗಿ, ಶಾಲೆಯ ದನಿಯಲ್ಲೇ, "ನೀನು ಹೇಳಲೇ ಇಲ್ವಲ್ಲೇ. ನೀರು ಎಷ್ಟು ತಣ್ಣಗಿತ್ತು?" ಎಂದು ಕೇಳಿದರು.

ಅವತ್ತು ಹೇಳಿದೆ. ಹಗ್ಗ ಹಿಡಿದ ಕೈಯ ಉರಿ ಆರುವಷ್ಟು ತಣ್ಣಗಿತ್ತು ಎಂದು. ಅವರು ಆ ನೀರನ್ನೇ ಕುಡಿದವರ ಹಾಗೆ ಕಣ್ಣು ಮುಚ್ಚಿಕೊಂಡರು.

ಮುಂದಿನ ಮಳೆಗಾಲಕ್ಕೆ ಅವರು ಹೋದರು. ಮಣ್ಣಾದ ಎರಡು ತಿಂಗಳ ಮೇಲೆ ನನಗೆ ಸುದ್ದಿ ಬಂತು. ಅವರದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ನಮ್ಮೂರಿನ ಮನೆಗಳಿಗೆಲ್ಲ ಈಗ ನಲ್ಲಿ ಬಂದಿದೆ, ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅಪ್ಪ ಇಲ್ಲ, ಗೌಡತಿ ಇಲ್ಲ, ನಿಮ್ಮ ತಾತನೂ ಹೋಗಿ ಆರು ವರ್ಷವಾಯಿತು. ಹದಿನೇಳು ಕೊಡ ತುಂಬಿದವರಲ್ಲಿ ಉಳಿದವಳು ನಾನೊಬ್ಬಳೇ ಇರಬೇಕು.

ಮಗಳೇ, ಬರುವ ವಾರ ನಿನ್ನ ಉಡಿಗೆ ಅಕ್ಕಿ, ಕೊಬ್ಬರಿ, ಹೊಸ ರೇಷ್ಮೆ ಕಣದ ಜೊತೆ ಈ ಹಳೆಯದನ್ನೂ ಹಾಕುತ್ತೇನೆ. ತೂತು ಬಿದ್ದಿದೆ ಎಂದು ಯಾರಾದರೂ ನಕ್ಕರೆ ಈ ಹಾಳೆಗಳನ್ನು ಓದಿ ಹೇಳು. ನನಗೆ ಆ ದಿನ ಬಾಯಿ ಬಾರದೆ ಇರಬಹುದು. ಆದರೂ ನಿನಗೆ ಹುಟ್ಟುವ ಕೂಸು ನಾಳೆ ಮಾತು ಕಲಿತ ಮೇಲೆ, ನನ್ನ ಹತ್ತಿರ ಕೂರಿಸಿ ಅದರ ಕೈಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿಸು. ನೀರು ಎಷ್ಟು ತಣ್ಣಗಿತ್ತು ಎಂದು ನನ್ನನ್ನು ಕೇಳುವವರು ಈಗ ಯಾರೂ ಉಳಿದಿಲ್ಲ.